ಮಣ್ಣು ಮತ್ತು ನೀರಿನ ಸಂರಕ್ಷಣೆಗೆ ಸರ್ಕಾರದ ಸಹಾಯಧನ: ಅರ್ಜಿಯಿಂದ ಹಣ ಜಮೆಯಾಗುವವರೆಗೆ

ಕೃಷಿ ಹೊಂಡ, ಬದು, ಹನಿ ನೀರಾವರಿ, ಹೊಲದಂಚಿನ ಮರ, ಸಾವಯವ ಬೇಸಾಯ ಮುಂತಾದವುಗಳಿಗೆ ಸರ್ಕಾರ ಕೊಡುವ ಸಹಾಯಧನದ ಬಗ್ಗೆ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಎಷ್ಟು ಕೊಡುತ್ತಾರೆ? ಅರ್ಜಿ ಎಲ್ಲಿ ಹಾಕಬೇಕು? ಕೆಲಸವನ್ನು ಈಗಾಗಲೇ ಮುಗಿಸಿದ್ದೇನೆ, ಬಿಲ್ ಆಗುತ್ತದೆಯೇ? ಮೂರನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಹುತೇಕ ಸಂದರ್ಭಗಳಲ್ಲಿ ಆಗುವುದಿಲ್ಲ. ಸಹಾಯಧನ ಕೈತಪ್ಪಿದ ರೈತರಲ್ಲಿ ಅನರ್ಹರಾಗಿದ್ದವರಿಗಿಂತ ಕೆಲಸಗಳನ್ನು ತಪ್ಪು ಅನುಕ್ರಮದಲ್ಲಿ ಮಾಡಿದವರೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಆದ್ದರಿಂದ ಈ ಲೇಖನದಲ್ಲಿ ಯೋಜನೆಗಳ ವಿವರಕ್ಕಿಂತ ಅನುಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ. ಇಲ್ಲಿರುವುದು ಕರ್ನಾಟಕದ ವ್ಯವಸ್ಥೆ. ಕೇಂದ್ರದ ಯೋಜನೆಗಳು ಬೇರೆ ರಾಜ್ಯಗಳಲ್ಲಿಯೂ ಇವೆಯಾದರೂ ಅಲ್ಲಿನ ಕಚೇರಿ, ತಂತ್ರಾಂಶ ಮತ್ತು ರಾಜ್ಯದ ಪಾಲು ಬೇರೆಯಾಗಿರುತ್ತವೆ.

ಮೊದಲು ತಿಳಿದಿರಬೇಕಾದ ಕೆಲವು ಪದಗಳು

ಸಹಾಯಧನ ಎಂದರೆ ವೆಚ್ಚದ ಒಂದು ಭಾಗವನ್ನು ಸರ್ಕಾರ ಭರಿಸುವುದು. ಅದು ಸಾಲವಲ್ಲ, ಪೂರ್ಣ ವೆಚ್ಚವೂ ಅಲ್ಲ. ಉಳಿದ ಭಾಗಕ್ಕೆ ರೈತರ ವಂತಿಗೆ ಎನ್ನುತ್ತಾರೆ.

ಘಟಕ ವೆಚ್ಚ ಎಂಬುದು ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಕಡೆಗಣಿಸುವ ಪದ. ಒಂದು ನಿರ್ದಿಷ್ಟ ಅಳತೆಯ ಹೊಂಡಕ್ಕೋ ಒಂದು ಹೆಕ್ಟೇರ್ ಹನಿ ನೀರಾವರಿಗೋ ಇಷ್ಟು ಖರ್ಚಾಗಬಹುದೆಂದು ಇಲಾಖೆ ಮೊದಲೇ ನಿಗದಿ ಮಾಡಿರುವ ಮೊತ್ತವೇ ಘಟಕ ವೆಚ್ಚ. ಶೇಕಡಾವಾರು ಸಹಾಯಧನವನ್ನು ಲೆಕ್ಕ ಹಾಕುವುದು ಈ ಮೊತ್ತದ ಮೇಲೆಯೇ ಹೊರತು ನಿಮ್ಮ ಕೈಯಲ್ಲಿರುವ ಬಿಲ್ಲಿನ ಮೇಲಲ್ಲ. ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡೋಣ: ಘಟಕ ವೆಚ್ಚ 1,00,000 ರೂಪಾಯಿ, ಸಹಾಯಧನ ಶೇ 80, ನಿಮಗೆ ನಿಜವಾಗಿ ಆದ ಖರ್ಚು 1,30,000 ರೂಪಾಯಿ ಎಂದಿಟ್ಟುಕೊಳ್ಳಿ. ಸರ್ಕಾರ ಕೊಡುವುದು 80,000. ನಿಮ್ಮ ಜೇಬಿನಿಂದ ಹೋಗುವುದು 26,000 ಅಲ್ಲ, 50,000. ‘ಶೇ 80 ಉಚಿತ’ ಎಂದು ಹೇಳಿಕೊಂಡು ಬರುವ ಏಜೆಂಟರು ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ಕಾರ್ಯಾದೇಶ ಎಂದರೆ ಕೆಲಸ ಆರಂಭಿಸಬಹುದು ಎಂದು ಇಲಾಖೆ ಲಿಖಿತವಾಗಿ ಕೊಡುವ ಅನುಮತಿ. ಡಿಬಿಟಿ ಎಂದರೆ ನೇರ ನಗದು ವರ್ಗಾವಣೆ, ಅಂದರೆ ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುವ ವಿಧಾನ. ಎಫ್‌ಐಡಿ ಎಂಬುದು ರಾಜ್ಯ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಪ್ರತಿ ರೈತರಿಗೂ ಸಿಗುವ ಗುರುತಿನ ಸಂಖ್ಯೆ.

ಹಂತ 1: ನಿಮ್ಮ ಜಮೀನಿಗೆ ಏನು ಬೇಕೆಂದು ಮೊದಲು ನಿರ್ಧರಿಸಿ

‘ಈ ವರ್ಷ ಯಾವುದಕ್ಕೆ ಸಬ್ಸಿಡಿ ಇದೆ’ ಎಂದು ಕೇಳಿಕೊಂಡು ಹೊರಟರೆ ಬೇಡದ ಕಡೆ ಹೊಂಡ, ನೀರಿಲ್ಲದ ಕಡೆ ಹನಿ ಪೈಪು ಬಂದು ಕೂರುತ್ತವೆ. ಮಳೆ ಬಂದಾಗ ಹೊಲದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಮಣ್ಣು ಎಲ್ಲಿ ಕೊಚ್ಚಿ ಹೋಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ನೋಡಿ ಗುರುತು ಹಾಕಿಕೊಳ್ಳಿ.

ಕೆಂಪು ಮಣ್ಣಿನ ಇಳಿಜಾರು ಹೊಲಕ್ಕೆ ಮೊದಲು ಬೇಕಾದದ್ದು ಸಾಮಾನ್ಯವಾಗಿ ಬದು. ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ, ಅಂದರೆ ಉದ್ದಕ್ಕೂ ಒಂದೇ ಮಟ್ಟದಲ್ಲಿ ಹಾಕಿದ ಬದು ಹರಿಯುವ ನೀರನ್ನು ತಡೆದು ಇಂಗಿಸುತ್ತದೆ. ಆಳವಾದ ಕಪ್ಪು ಮಣ್ಣಿನಲ್ಲಿ ಇದೇ ವಿಧಾನ ತೊಂದರೆ ಕೊಡಬಹುದು, ಏಕೆಂದರೆ ಅಲ್ಲಿ ನೀರು ನಿಧಾನವಾಗಿ ಇಂಗುವುದರಿಂದ ಬದುವಿನ ಮೇಲ್ಬದಿಯಲ್ಲಿ ನಿಂತು ಬೆಳೆ ಕೊಳೆಯುತ್ತದೆ, ಬದುವೂ ಬಿರುಕು ಬಿಟ್ಟು ಒಡೆಯುತ್ತದೆ. ಕಪ್ಪು ಮಣ್ಣಿಗೆ ಸ್ವಲ್ಪ ವಾಟ ಕೊಟ್ಟು, ಹೆಚ್ಚುವರಿ ನೀರು ಕೋಡಿಯ ಮೂಲಕ ಹೊರಹೋಗುವಂತೆ ಮಾಡಿದ ಬದು ಸೂಕ್ತ. ಅಂದಾಜು ಪಟ್ಟಿಯಲ್ಲಿ ಕೋಡಿ ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಕೋಡಿಯಿಲ್ಲದ ಬದು ಮೊದಲ ದೊಡ್ಡ ಮಳೆಗೇ ಒಡೆಯುತ್ತದೆ.

ಕೃಷಿ ಹೊಂಡದ ಗಾತ್ರವನ್ನು ಸಹಾಯಧನದ ಮೊತ್ತ ನೋಡಿ ಆರಿಸಬೇಡಿ, ನೀರು ಹರಿದುಬರುವ ಪ್ರದೇಶ ನೋಡಿ ಆರಿಸಿ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರ್ ನೀರಾಗುತ್ತದೆ. 25 ಮಿಲಿಮೀಟರ್ ಮಳೆ ಬಂದು ಅದರ ಐದನೇ ಒಂದು ಭಾಗ ಹರಿದು ಹೊಂಡ ಸೇರುತ್ತದೆ ಎಂದುಕೊಂಡರೆ, ಎರಡು ಎಕರೆಯಿಂದ ಸಿಗುವುದು ಸುಮಾರು 40,000 ಲೀಟರ್. ಮೇಲ್ಭಾಗದಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳವಿದ್ದು, ಪಕ್ಕಗಳು ಒಂದಕ್ಕೆ ಒಂದರ ಇಳಿಜಾರಿನಲ್ಲಿರುವ (ಪ್ರತಿ ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿಯುವ) ಹೊಂಡ ಹಿಡಿಯುವುದು ಸುಮಾರು 2.5 ಲಕ್ಷ ಲೀಟರ್. ಅಂದರೆ ಅದು ತುಂಬಲು ಅಂತಹ ಆರಕ್ಕೂ ಹೆಚ್ಚು ಮಳೆ ಬೇಕು. ಅಷ್ಟೇ ಆಳ ಮತ್ತು ಇಳಿಜಾರಿನ, 21 ಮೀಟರ್ ಉದ್ದ ಮತ್ತು ಅಗಲದ ಹೊಂಡ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಎರಡೆಕರೆ ಹೊಲಕ್ಕೆ ಅದನ್ನು ತೋಡಿಸಿದರೆ ಬೆಳೆಯುವ ಜಾಗ ಕಳೆದುಕೊಂಡಂತಾಗುತ್ತದೆಯೇ ಹೊರತು ನೀರು ಹೆಚ್ಚಾಗುವುದಿಲ್ಲ. ಮೇಲಿನ ಜಮೀನುಗಳಿಂದ ನೀರು ಹರಿದುಬರುವುದಿದ್ದರೆ ಲೆಕ್ಕ ಬದಲಾಗುತ್ತದೆ. ನೀರು ಬೇಗ ಇಂಗುವ ಕೆಂಪು ಮಣ್ಣಿನಲ್ಲಿ ಪಾಲಿಥೀನ್ ಹೊದಿಕೆ ಬೇಕಾಗುತ್ತದೆ. ಜಿಗುಟಾದ ಕಪ್ಪು ಮಣ್ಣಿನಲ್ಲಿ ಹಲವು ಕಡೆ ಅದಿಲ್ಲದೆಯೂ ನಡೆಯುತ್ತದೆ.

ಹಂತ 2: ಆ ಕೆಲಸ ಯಾವ ಯೋಜನೆಯಲ್ಲಿದೆ, ಯಾವ ಕಚೇರಿಯಲ್ಲಿದೆ ಎಂದು ಗುರುತಿಸಿ

ಎಲ್ಲದಕ್ಕೂ ಒಂದೇ ಕಚೇರಿ ಇಲ್ಲದಿರುವುದೇ ಗೊಂದಲದ ಮೂಲ. ಮುಖ್ಯವಾದವುಗಳನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ.

ಕೃಷಿ ಭಾಗ್ಯ. ಮಳೆಯಾಶ್ರಿತ ಪ್ರದೇಶದ ರೈತರಿಗಾಗಿ ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಯೋಜನೆಯಿದು. ನಡುವೆ ನಿಂತುಹೋಗಿ 2023-24ರಲ್ಲಿ 24 ಜಿಲ್ಲೆಗಳ 106 ತಾಲ್ಲೂಕುಗಳಲ್ಲಿ ಮತ್ತೆ ಜಾರಿಗೆ ಬಂದಿತು. ಇದರಲ್ಲಿ ಕ್ಷೇತ್ರ ಬದು, ಕೃಷಿ ಹೊಂಡ, ಪಾಲಿಥೀನ್ ಹೊದಿಕೆ, ಹೊಂಡದ ಸುತ್ತ ತಂತಿ ಬೇಲಿ, ನೀರೆತ್ತುವ ಪಂಪ್‌ಸೆಟ್ ಮತ್ತು ಹನಿ ಅಥವಾ ತುಂತುರು ನೀರಾವರಿ ಒಂದೇ ಪ್ಯಾಕೇಜ್ ಆಗಿ ಬರುತ್ತವೆ. ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ. ತಂತಿ ಬೇಲಿಗೆ ಮಾತ್ರ ಕ್ರಮವಾಗಿ ಶೇ 40 ಮತ್ತು ಶೇ 50. ಅರ್ಜಿ ಸಲ್ಲಿಸುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ನಿಮ್ಮ ತಾಲ್ಲೂಕು ಈ ವರ್ಷದ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ.

ಬೇಲಿಗೆ ಸಹಾಯಧನ ಕಡಿಮೆ ಎಂದು ಅದನ್ನು ಕೈಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಾಲಿಥೀನ್ ಹೊದಿಸಿದ ಹೊಂಡದ ಪಕ್ಕಗಳು ಜಾರುತ್ತವೆ, ಬಿದ್ದ ಮಗುವಿಗೆ ಇರಲಿ, ಈಜು ಬಲ್ಲ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಬೇಲಿಯ ಜೊತೆಗೆ ಗೂಟಕ್ಕೆ ಬಿಗಿದ ಗಂಟು ಹಗ್ಗವೊಂದನ್ನು ನೀರಿನವರೆಗೆ ಇಳಿಬಿಡಿ.

ಉದ್ಯೋಗ ಖಾತ್ರಿ. 2005ರ ಕಾಯ್ದೆಯಿಂದ ಆರಂಭವಾದ ಈ ವ್ಯವಸ್ಥೆಯಲ್ಲಿ ಸ್ವಂತ ಜಮೀನಿನಲ್ಲೂ ಬದು, ಹೊಂಡ, ತೋಟದಂತಹ ವೈಯಕ್ತಿಕ ಕಾಮಗಾರಿಗಳನ್ನು ಮಾಡಿಕೊಳ್ಳಲು ದಾರಿಯಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡ, ಬಡತನ ರೇಖೆಗಿಂತ ಕೆಳಗಿನ ಕುಟುಂಬ, ಮಹಿಳೆ ಅಥವಾ ಅಂಗವಿಕಲರು ಯಜಮಾನರಾಗಿರುವ ಕುಟುಂಬ, ಭೂಸುಧಾರಣೆಯ ಫಲಾನುಭವಿಗಳು, ಸಣ್ಣ ಮತ್ತು ಅತಿಸಣ್ಣ ರೈತರು ಮುಂತಾದವರನ್ನು ಅರ್ಹರೆಂದು ಹೆಸರಿಸಲಾಗಿತ್ತು. ಕುಟುಂಬಕ್ಕೆ ಉದ್ಯೋಗ ಚೀಟಿ ಇರಬೇಕು ಮತ್ತು ಮನೆಯವರಲ್ಲಿ ಕನಿಷ್ಠ ಒಬ್ಬರು ಆ ಕೆಲಸದಲ್ಲಿ ದುಡಿಯಬೇಕು. ಈ ವ್ಯವಸ್ಥೆಯ ನಿಯಮಗಳು ಆಗಾಗ ಪರಿಷ್ಕರಣೆಯಾಗುತ್ತವೆ. ಆದ್ದರಿಂದ ಈ ವರ್ಷ ಯಾವ ವೈಯಕ್ತಿಕ ಕಾಮಗಾರಿಗೆ ಅವಕಾಶವಿದೆ, ಕೂಲಿ ದರ ಎಷ್ಟು ಎಂಬುದನ್ನು ಗ್ರಾಮ ಪಂಚಾಯಿತಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಲ್ಲಿ ಖಚಿತಪಡಿಸಿಕೊಳ್ಳಿ. ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ನಿಮ್ಮ ಕೆಲಸ ಗ್ರಾಮಸಭೆಯಲ್ಲಿ ಮಂಡನೆಯಾಗಿ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕು. ಬಿತ್ತನೆ ಮುಗಿಸಿ ಬೇಸಿಗೆಯಲ್ಲಿ ನೆನಪಾಗಿ ಹೋದರೆ ಆ ವರ್ಷದ ಪಟ್ಟಿ ಅಂತಿಮವಾಗಿರುತ್ತದೆ. ಎರಡು, ಇದು ಕೂಲಿ ಕೊಡಲೆಂದು ಇರುವ ಯೋಜನೆಯಾದ್ದರಿಂದ ಗುತ್ತಿಗೆದಾರರಿಗೆ ಇಲ್ಲಿ ಜಾಗವಿಲ್ಲ, ಕೂಲಿಯವರು ಮಾಡಬೇಕಾದ ಕೆಲಸಕ್ಕೆ ಜೆಸಿಬಿ ಇಳಿಸುವಂತಿಲ್ಲ. ರಾತ್ರಿ ಯಂತ್ರದಿಂದ ತೋಡಿಸಿ ಹಗಲು ಹಾಜರಾತಿ ಪಟ್ಟಿ ತುಂಬಿಸುವ ‘ಸುಲಭ ಮಾರ್ಗ’ವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ವಸೂಲಿ ಬರುವುದು ಜಮೀನಿನ ಮಾಲೀಕರ ಹೆಸರಿಗೂ.

ಹನಿ ಮತ್ತು ತುಂತುರು ನೀರಾವರಿ. ಕೇಂದ್ರದ ‘ಪ್ರತಿ ಹನಿ, ಅಧಿಕ ಬೆಳೆ’ ಯೋಜನೆಯ ಮಾರ್ಗಸೂಚಿಯಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45 ಸಹಾಯಧನವಿದೆ. ಕರ್ನಾಟಕ ತನ್ನ ಪಾಲು ಸೇರಿಸಿ 2 ಹೆಕ್ಟೇರ್‌ವರೆಗೆ ಶೇ 90, ಅದಕ್ಕಿಂತ ಹೆಚ್ಚಿನ ಪ್ರದೇಶಕ್ಕೆ 5 ಹೆಕ್ಟೇರ್ ಮಿತಿಯವರೆಗೆ ಶೇ 45 ಕೊಡುತ್ತ ಬಂದಿದೆ. ಬೆಳೆ ನೋಡಿ ಕಚೇರಿ ಬದಲಾಗುತ್ತದೆ: ಅಡಿಕೆ, ಬಾಳೆ, ತರಕಾರಿ, ಹಣ್ಣಿನ ಬೆಳೆಗಳಿಗೆ ತೋಟಗಾರಿಕೆ ಇಲಾಖೆ, ಕಬ್ಬು, ಮುಸುಕಿನ ಜೋಳ, ಶೇಂಗಾದಂತಹ ಬೆಳೆಗಳಿಗೆ ಕೃಷಿ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಒಮ್ಮೆ ಸಹಾಯಧನ ಪಡೆದ ಜಮೀನಿಗೆ ಏಳು ವರ್ಷ ಮತ್ತೆ ಸಿಗುವುದಿಲ್ಲ. ಈ ನಿರ್ಬಂಧ ಜಮೀನಿಗೆ ಅಂಟಿಕೊಂಡಿರುವುದರಿಂದ, ಹೊಲವನ್ನು ಹೊಸದಾಗಿ ಕೊಂಡವರು ಹಿಂದಿನ ಮಾಲೀಕರು ಪಡೆದಿದ್ದರೇ ಎಂದು ವಿಚಾರಿಸುವುದು ಒಳ್ಳೆಯದು.

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಅರಣ್ಯ ಇಲಾಖೆ 2011-12ರಿಂದ ನಡೆಸುತ್ತಿರುವ ಈ ಯೋಜನೆಯ ಬಗ್ಗೆ ರೈತರಿಗೆ ತಿಳಿದಿರುವುದು ಕಡಿಮೆ, ನನಗೆ ಬಹಳ ಇಷ್ಟವಾದದ್ದೂ ಇದೇ. ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ತಂದು ಬದುಗಳ ಮೇಲೋ ಹೊಲದಲ್ಲೋ ನೆಡುತ್ತೀರಿ. ಬದುಕಿ ಉಳಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಹೀಗೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ಹೆಕ್ಟೇರಿಗೆ ಗರಿಷ್ಠ 400 ಸಸಿ. ನೆಟ್ಟದ್ದಕ್ಕಲ್ಲ, ಬದುಕಿಸಿದ್ದಕ್ಕೆ ಹಣ ಎಂಬ ನಿಯಮ ಎಷ್ಟು ಸರಿಯಾದದ್ದೆಂದರೆ, ಉಳಿದ ಯೋಜನೆಗಳೂ ಇದನ್ನು ಅನುಸರಿಸಬಹುದಿತ್ತು. ನೀಲಗಿರಿ, ಅಕೇಶಿಯದಂತಹ ಕೆಲವು ಜಾತಿಗಳಿಗೆ ಪ್ರೋತ್ಸಾಹಧನ ಇಲ್ಲವಾದ್ದರಿಂದ ಸಸಿ ಆರಿಸುವಾಗಲೇ ಕೇಳಿಕೊಳ್ಳಿ. ನೋಂದಣಿ ಮಾಡಿಸುವುದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ, ಮಳೆಗಾಲಕ್ಕೆ ಮುಂಚೆಯೇ.

ಪರಂಪರಾಗತ ಕೃಷಿ ವಿಕಾಸ ಯೋಜನೆ. ಸಾವಯವ ಕೃಷಿಗೆ ಬದಲಾಗುವವರಿಗಾಗಿ ಕೇಂದ್ರ 2015-16ರಲ್ಲಿ ಆರಂಭಿಸಿದ್ದು. ಇದನ್ನು ಒಬ್ಬರೇ ಪಡೆಯಲಾಗುವುದಿಲ್ಲ. ಅಕ್ಕಪಕ್ಕದ ರೈತರು ಸೇರಿ ಸುಮಾರು 20 ಹೆಕ್ಟೇರಿನ ಗುಂಪು ಮಾಡಿಕೊಳ್ಳಬೇಕು. ಪರಿಷ್ಕೃತ ಮಾರ್ಗಸೂಚಿಯಂತೆ ಮೂರು ವರ್ಷಕ್ಕೆ ಹೆಕ್ಟೇರಿಗೆ 31,500 ರೂಪಾಯಿ ನೆರವಿದ್ದು, ಅದರಲ್ಲಿ ರೈತರ ಖಾತೆಗೆ ನೇರವಾಗಿ ಬರುವುದು 15,000. ಉಳಿದದ್ದು ತರಬೇತಿ, ಪ್ರಮಾಣೀಕರಣ, ಮಾರುಕಟ್ಟೆ ಮುಂತಾದವುಗಳಿಗೆ ಹೋಗುತ್ತದೆ. ‘31,500 ಬರಬೇಕಿತ್ತು, ಅರ್ಧವೂ ಬರಲಿಲ್ಲ’ ಎಂಬ ದೂರುಗಳಲ್ಲಿ ಹಲವು ಈ ಹಂಚಿಕೆ ತಿಳಿಯದೆ ಹುಟ್ಟಿದವು.

ಇವಲ್ಲದೆ ಜಲಾನಯನ ಯೋಜನೆಗಳಿವೆ. ಅವುಗಳಿಗೆ ವೈಯಕ್ತಿಕ ಅರ್ಜಿಗಿಂತ ನಿಮ್ಮ ಊರು ಆಯ್ಕೆಯಾದ ಜಲಾನಯನದೊಳಗೆ ಬರುತ್ತದೆಯೇ ಎಂಬುದು ಮುಖ್ಯ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ತಿಳಿಯುತ್ತದೆ. ಹಸಿರೆಲೆ ಗೊಬ್ಬರಕ್ಕೆ ಬೇಕಾದ ಡಯಂಚ, ಸೆಣಬಿನ ಬೀಜದ ಬಗ್ಗೆಯೂ ಅಲ್ಲಿಯೇ ವಿಚಾರಿಸಿ.

ಹಂತ 3: ದಾಖಲೆ ಸರಿಪಡಿಸಿಕೊಳ್ಳಿ

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಬೇಕಾದದ್ದು ಇಷ್ಟು: ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಭಾವಚಿತ್ರ, ಅನ್ವಯವಾಗುವವರಿಗೆ ಜಾತಿ ಪ್ರಮಾಣಪತ್ರ, ಮತ್ತು ಯೋಜನೆ ಕೇಳಿದರೆ ನಾಡಕಚೇರಿಯಿಂದ ಪಡೆದ ಸಣ್ಣ ಅಥವಾ ಅತಿಸಣ್ಣ ಹಿಡುವಳಿದಾರರ ಪ್ರಮಾಣಪತ್ರ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ಅಷ್ಟರೊಳಗೆ ಇರುವವರು ಅತಿಸಣ್ಣ ರೈತರು, 2 ಹೆಕ್ಟೇರ್‌ವರೆಗೆ ಇರುವವರು ಸಣ್ಣ ರೈತರು.

ಪಹಣಿಯನ್ನು ತೆಗೆದು 9ನೇ ಕಾಲಂ ನೋಡಿ. ಮಾಲೀಕರ ಹೆಸರು ಇರುವುದು ಅಲ್ಲಿ. ಆ ಹೆಸರು ತೀರಿಕೊಂಡ ತಂದೆಯವರದೋ ಅಜ್ಜನದೋ ಆಗಿದ್ದರೆ ಸಹಾಯಧನದ ಯೋಚನೆಯನ್ನು ಪಕ್ಕಕ್ಕಿಟ್ಟು ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ, ಅಂದರೆ ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಇದಕ್ಕೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕಾಗುತ್ತವೆ, ತಿಂಗಳುಗಳೂ ಹಿಡಿಯಬಹುದು. ಹೆಸರು ಹಲವರ ಜಂಟಿಯಲ್ಲಿದ್ದರೆ ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಪಾಲಾಗಿದ್ದು ಪಹಣಿಯಲ್ಲಿ ಜಂಟಿಯಾಗಿಯೇ ಉಳಿದಿದ್ದರೆ, ಒಬ್ಬರು ಪಡೆದ ಸೌಲಭ್ಯ ಇನ್ನೊಬ್ಬರ ಅರ್ಜಿಗೆ ಅಡ್ಡ ಬರುವುದುಂಟು. ಪೋಡಿ ಮಾಡಿಸಿಕೊಂಡು, ಅಂದರೆ ಅಳತೆ ಮಾಡಿಸಿ ದಾಖಲೆಯಲ್ಲೂ ಜಮೀನು ಭಾಗ ಮಾಡಿಸಿಕೊಂಡು, ಪ್ರತ್ಯೇಕ ಹಿಸ್ಸಾ ಸಂಖ್ಯೆ ಪಡೆಯುವುದೇ ಶಾಶ್ವತ ಪರಿಹಾರ.

ಹೆಸರಿನ ಕಾಗುಣಿತವೂ ಮುಖ್ಯ. ಪಹಣಿಯಲ್ಲಿ ‘ತಿಮ್ಮಪ್ಪ ಬಿನ್ ರಂಗಪ್ಪ’, ಆಧಾರ್‌ನಲ್ಲಿ ‘ತಿಮ್ಮಯ್ಯ ಆರ್.’ ಎಂದಿದ್ದರೆ ಊರಿನವರಿಗೆಲ್ಲ ಒಬ್ಬರೇ ಎಂದು ಗೊತ್ತಿದ್ದರೂ ತಂತ್ರಾಂಶಕ್ಕೆ ಇಬ್ಬರು.

ಗೇಣಿಗೆ ಅಥವಾ ಪಾಲಿಗೆ ಮಾಡುತ್ತಿರುವವರು ಇಲ್ಲಿ ಕಷ್ಟದಲ್ಲಿದ್ದಾರೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ಗೇಣಿ ಕೊಡುವುದನ್ನೇ ಸಾಮಾನ್ಯವಾಗಿ ನಿಷೇಧಿಸಿರುವುದರಿಂದ, ವಾಸ್ತವದಲ್ಲಿ ಉಳುವವರ ಹೆಸರು ದಾಖಲೆಯಲ್ಲಿ ಬರುವುದಿಲ್ಲ, ಹೊಂಡ ಮತ್ತು ಬದುವಿನಂತಹ ಶಾಶ್ವತ ಕೆಲಸಗಳಿಗೆ ಅವರು ಅರ್ಜಿ ಹಾಕಲಾಗುವುದಿಲ್ಲ. ಮಾಲೀಕರ ಹೆಸರಿನಲ್ಲೇ ಅರ್ಜಿ ಹಾಕಿಸುವುದು ಒಂದೇ ದಾರಿ. ಹಾಗೆ ಮಾಡುವುದಾದರೆ ರೈತರ ವಂತಿಗೆಯನ್ನು ಯಾರು ಭರಿಸಬೇಕು, ಎಷ್ಟು ವರ್ಷ ಉಳುಮೆ ಮುಂದುವರಿಯಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಬ್ಯಾಂಕ್ ಖಾತೆಯ ವಿಷಯ: ಪಾಸ್ ಪುಸ್ತಕದ ಪ್ರತಿ ಕೊಟ್ಟ ಖಾತೆಗೇ ಹಣ ಬರುತ್ತದೆ ಎಂಬ ಭರವಸೆಯಿಲ್ಲ. ಆಧಾರ್ ಆಧಾರಿತ ಪಾವತಿ ಹೋಗುವುದು ನೀವು ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ. ಮಗಳ ವಿದ್ಯಾರ್ಥಿವೇತನಕ್ಕೋ ಸಂಘದ ಸಾಲಕ್ಕೋ ಹೊಸ ಖಾತೆ ತೆರೆದಾಗ ಈ ಜೋಡಣೆ ಸದ್ದಿಲ್ಲದೆ ಬದಲಾಗಿರುತ್ತದೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡಬಹುದು, ಬ್ಯಾಂಕಿನಲ್ಲಿಯೂ ಹೇಳುತ್ತಾರೆ.

ಹಂತ 4: ಎಫ್‌ಐಡಿ ಪಡೆಯಿರಿ, ಇದ್ದರೆ ಪರಿಶೀಲಿಸಿ

ಫ್ರೂಟ್ಸ್ ನೋಂದಣಿ ರೈತ ಸಂಪರ್ಕ ಕೇಂದ್ರದಲ್ಲಿ ಆಗುತ್ತದೆ. ಬೆಂಬಲ ಬೆಲೆಗೆ ಧಾನ್ಯ ಮಾರಿದವರಿಗೆ, ಬೆಳೆ ಪರಿಹಾರ ಪಡೆದವರಿಗೆ ಇದು ಈಗಾಗಲೇ ಇರುತ್ತದೆ. ಇದ್ದರೆ ಸಾಕು ಎಂದುಕೊಳ್ಳಬೇಡಿ. ನಿಮ್ಮ ಎಲ್ಲ ಸರ್ವೆ ಸಂಖ್ಯೆಗಳು ಅದರಲ್ಲಿ ಸೇರಿವೆಯೇ ಎಂದು ನೋಡಿ. ಬಿಟ್ಟುಹೋದ ಸರ್ವೆ ಸಂಖ್ಯೆಯಲ್ಲಿ ಹೊಂಡ ಕೇಳಿದರೆ ಅರ್ಜಿ ಮುಂದೆ ಹೋಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ವಿವರ ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಸಾಮಾನ್ಯ ವರ್ಗದ ದರವೇ ಅನ್ವಯವಾಗುವ ಅಪಾಯವಿದೆ.

ಹಂತ 5: ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ

ಸರ್ಕಾರದ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಪ್ರತಿ ತಾಲ್ಲೂಕಿಗೆ, ಹೋಬಳಿಗೆ ಇಷ್ಟೇ ಎಂಬ ಗುರಿ ಇರುತ್ತದೆ, ಗುರಿ ಮುಗಿದ ಮೇಲೆ ಅರ್ಹತೆ ಇದ್ದೂ ಪ್ರಯೋಜನವಿಲ್ಲ. ಮುಂಗಾರಿಗೆ ಮೊದಲೇ ದಾಖಲೆಗಳೊಂದಿಗೆ ಸಿದ್ಧವಾಗಿದ್ದು, ಅನುದಾನ ಬಂದ ಕೂಡಲೇ ಅರ್ಜಿ ಹಾಕುವವರಿಗೆ ಅನುಕೂಲ. ಕೃಷಿ ಇಲಾಖೆಯ ಅರ್ಜಿಗಳು ಕೆ-ಕಿಸಾನ್ ತಂತ್ರಾಂಶದಲ್ಲಿ ದಾಖಲಾಗುತ್ತವೆ. ಅರ್ಜಿ ಸಂಖ್ಯೆ ಇರುವ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯದೆ ಕಚೇರಿಯಿಂದ ಹೊರಡಬೇಡಿ. ‘ಕಾಗದ ಇಟ್ಟು ಹೋಗಿ, ಆಮೇಲೆ ಹಾಕುತ್ತೇವೆ’ ಎಂಬ ಮಾತು ಸದುದ್ದೇಶದಿಂದಲೇ ಬಂದಿರಬಹುದು, ಆದರೆ ಜ್ಯೇಷ್ಠತಾ ಪಟ್ಟಿ ತಯಾರಾಗುವುದು ತಂತ್ರಾಂಶದಲ್ಲಿರುವ ದಿನಾಂಕದ ಮೇಲೆ.

ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಮೊಬೈಲಿಗೆ ಬಂದ ಒಟಿಪಿ ಸಂಖ್ಯೆಯನ್ನು ಯಾವ ಕೆಲಸಕ್ಕೆಂದು ತಿಳಿಯದೆ ಹೇಳಬೇಡಿ. ಅರ್ಜಿಯಲ್ಲಿ ಏಜೆಂಟರ ಮೊಬೈಲ್ ಸಂಖ್ಯೆ ನಮೂದಾಗಿದ್ದರೆ ಮುಂದಿನ ಎಲ್ಲ ಸಂದೇಶಗಳೂ ಅವರಿಗೇ ಹೋಗುತ್ತವೆ ಎಂಬುದು ನೆನಪಿರಲಿ.

ಹಂತ 6: ಸ್ಥಳ ಪರಿಶೀಲನೆ ಮತ್ತು ಕಾರ್ಯಾದೇಶ

ಇಲಾಖೆಯ ಸಿಬ್ಬಂದಿ ಜಮೀನಿಗೆ ಬಂದು, ಕೆಲಸ ಆರಂಭವಾಗುವ ಮೊದಲಿನ ಸ್ಥಿತಿಯ ಛಾಯಾಚಿತ್ರವನ್ನು ಸ್ಥಳದ ಅಕ್ಷಾಂಶ-ರೇಖಾಂಶ ಸಮೇತ ತೆಗೆಯುತ್ತಾರೆ. ಲೇಖನದ ಆರಂಭದಲ್ಲಿ ಕೇಳಿದ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಹೊಂಡ ಈಗಾಗಲೇ ತೋಡಿದ್ದರೆ ಆ ಮೊದಲ ಚಿತ್ರ ತೆಗೆಯಲು ಸಾಧ್ಯವೇ ಇಲ್ಲ. ಪಕ್ಕದ ಹೊಲಕ್ಕೆ ಜೆಸಿಬಿ ಬಂದಿದೆ, ಬಾಡಿಗೆ ಉಳಿಯುತ್ತದೆ ಎಂದು ಕಾರ್ಯಾದೇಶಕ್ಕೆ ಮುಂಚೆ ಕೆಲಸ ಶುರು ಮಾಡಿದವರು ಸಾವಿರಗಳನ್ನು ಉಳಿಸಲು ಹೋಗಿ ಲಕ್ಷದ ಸಹಾಯಧನ ಕಳೆದುಕೊಳ್ಳುತ್ತಾರೆ.

ಕಾರ್ಯಾದೇಶ ಬಂದಾಗ ನಾಲ್ಕು ಅಂಶಗಳನ್ನು ಓದಿ ನೋಡಿ: ಸರ್ವೆ ಸಂಖ್ಯೆ, ಮಂಜೂರಾದ ಅಳತೆ, ಕೆಲಸ ಮುಗಿಸಬೇಕಾದ ದಿನಾಂಕ, ಮತ್ತು ಸಹಾಯಧನ ಯಾರ ಖಾತೆಗೆ ಹೋಗುತ್ತದೆ ಎಂಬುದು. ಕೊನೆಯದು ಮುಖ್ಯ. ಕೆಲವು ಕೆಲಸಗಳಿಗೆ ನೀವು ಪೂರ್ತಿ ಖರ್ಚು ಮಾಡಿ, ಆಮೇಲೆ ನಿಮ್ಮ ಖಾತೆಗೆ ಹಣ ಬರುತ್ತದೆ. ಇನ್ನು ಕೆಲವಕ್ಕೆ, ವಿಶೇಷವಾಗಿ ಹನಿ ನೀರಾವರಿಗೆ, ನೀವು ವಂತಿಗೆಯನ್ನಷ್ಟೇ ಕಟ್ಟಿ ಒಪ್ಪಿಗೆ ಪತ್ರ ಕೊಟ್ಟರೆ ಉಳಿದದ್ದು ಸರಬರಾಜು ಮಾಡಿದ ಕಂಪನಿಗೆ ಹೋಗುವ ವ್ಯವಸ್ಥೆಯಿದೆ. ಮೊದಲನೆಯ ವಿಧಾನವಾದರೆ ಹಣ ಹಿಂದಿರುಗುವವರೆಗಿನ ತಿಂಗಳುಗಳಿಗೆ ಕೈಯಲ್ಲಿ ಬಂಡವಾಳ ಇರಬೇಕು. ಬಡ್ಡಿಗೆ ತಂದು ಹಾಕುವುದಾದರೆ ಆ ಬಡ್ಡಿಯನ್ನೂ ಲೆಕ್ಕಕ್ಕೆ ಸೇರಿಸಿಯೇ ಲಾಭ ನಷ್ಟ ತೂಗಿ ನೋಡಿ.

ಹಂತ 7: ಕೆಲಸ ಮಾಡಿಸುವಾಗ

ಮಂಜೂರಾದ ಅಳತೆಗಿಂತ ಕಡಿಮೆ ಮಾಡಿದರೆ ಹಣ ಕಡಿತವಾಗುತ್ತದೆ. ಹೆಚ್ಚು ಮಾಡಿದರೆ ಹೆಚ್ಚುವರಿ ಹಣ ಬರುವುದಿಲ್ಲ. ಹೊಂಡದ ಅಳತೆಯನ್ನು ಸಿಬ್ಬಂದಿ ಬಂದಾಗ ನೀವೂ ಜೊತೆಗೆ ನಿಂತು ಟೇಪ್ ಹಿಡಿಯಿರಿ, ಏಕೆಂದರೆ ಅಳತೆ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಬದಲಿಸುವುದು ಕಷ್ಟ. ನೀರು ಒಳಬರುವ ಜಾಗದಲ್ಲಿ ಹೂಳು ನಿಲ್ಲಿಸುವ ಸಣ್ಣ ಗುಂಡಿಯೊಂದನ್ನು ತೋಡಿಸಿ. ಅದಿಲ್ಲದಿದ್ದರೆ ಹೊಂಡವೇ ಹೂಳಿನ ಗುಂಡಿಯಾಗುತ್ತದೆ. ತೋಡಿದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಿದರೆ ಮಳೆಗೆ ಮತ್ತೆ ಒಳಗೆ ಇಳಿಯುತ್ತದೆ, ದೂರ ಸರಿಸಿ ಬದುವಿಗೆ ಬಳಸಿ. ಹೊಸ ಬದುವಿನ ಮೇಲೆ ಲಾವಂಚ ಅಥವಾ ಮೇವಿನ ಹುಲ್ಲು ಬೇರೂರಿದರೆ ಬದು ಗಟ್ಟಿಯಾಗುತ್ತದೆ.

ಹನಿ ನೀರಾವರಿಯಲ್ಲಿ ಇಲಾಖೆಯಲ್ಲಿ ನೋಂದಾಯಿತವಾದ ಕಂಪನಿಯಿಂದಲೇ ಖರೀದಿಸಬೇಕು. ಪೈಪಿನ ಮೇಲಿನ ಐಎಸ್‌ಐ ಗುರುತು, ಬಿಲ್ಲಿನಲ್ಲಿ ಬರೆದ ಉದ್ದ ಮತ್ತು ಹೊಲಕ್ಕೆ ಬಂದ ಉದ್ದ ಎರಡನ್ನೂ ಹೋಲಿಸಿ ನೋಡಿ. ವಂತಿಗೆಯನ್ನು ನಗದಾಗಿ ಕೊಡಬೇಡಿ, ಬ್ಯಾಂಕ್ ಮೂಲಕವೇ ಕಟ್ಟಿ. ಎಲ್ಲ ಸಾಲುಗಳಲ್ಲೂ ನೀರು ಹರಿಸಿ ನೋಡುವ ಮೊದಲು ‘ತೃಪ್ತಿಕರವಾಗಿ ಅಳವಡಿಸಲಾಗಿದೆ’ ಎಂಬ ಪತ್ರಕ್ಕೆ ಸಹಿ ಹಾಕಬಾರದು. ಆ ಸಹಿಯ ನಂತರ ಕಂಪನಿಯ ಆಸಕ್ತಿ ಕಡಿಮೆಯಾಗುವುದು ಸಹಜ.

ಒಂದೇ ಹೊಂಡವನ್ನು ಎರಡು ಯೋಜನೆಗಳಲ್ಲಿ ತೋರಿಸುವ ಆಸೆಗೆ ಬೀಳಬೇಡಿ. ಎಫ್‌ಐಡಿ ಒಂದೇ, ಅಕ್ಷಾಂಶ-ರೇಖಾಂಶವೂ ಒಂದೇ.

ಹಂತ 8: ಬಿಲ್, ಹಣ ಪಾವತಿ, ಮತ್ತು ಹಣ ಬಾರದಿದ್ದರೆ

ಕೆಲಸ ಮುಗಿದ ಮೇಲೆ ಜಿಎಸ್‌ಟಿ ಸಂಖ್ಯೆಯಿರುವ ಮೂಲ ಬಿಲ್ಲುಗಳು, ಪಾವತಿಯ ಪುರಾವೆ, ಪೂರ್ಣಗೊಂಡ ಕೆಲಸದ ಮುಂದೆ ನೀವು ನಿಂತಿರುವ ಚಿತ್ರ ಇವುಗಳನ್ನು ಕೊಡಬೇಕಾಗುತ್ತದೆ. ಕೊಡುವ ಮೊದಲು ಎಲ್ಲದರ ಪ್ರತಿ ಇಟ್ಟುಕೊಳ್ಳಿ. ಮಾರ್ಚ್ ಕೊನೆಯ ವಾರಕ್ಕೆ ಬಿಲ್ ಕೊಂಡೊಯ್ದರೆ ಅನುದಾನ ಮುಗಿದಿರಬಹುದು ಅಥವಾ ಖಜಾನೆಯಲ್ಲಿ ಸಾಲು ನಿಂತಿರಬಹುದು. ಫೆಬ್ರುವರಿ ಒಳಗೆ ಮುಗಿಸುವ ಗುರಿ ಇಟ್ಟುಕೊಳ್ಳಿ.

ಪಾವತಿಯ ವಿವರವನ್ನು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು. ‘ಪಾವತಿಯಾಗಿದೆ’ ಎಂದು ತೋರಿಸಿಯೂ ನಿಮ್ಮ ಖಾತೆಯಲ್ಲಿ ಹಣವಿಲ್ಲದಿದ್ದರೆ ಬೇರೆ ಬ್ಯಾಂಕಿಗೆ ಹೋಗಿದೆಯೇ ಎಂದು ಮೊದಲು ನೋಡಿ, ಆಮೇಲೆ ಕಚೇರಿಗೆ ಹೋಗಿ. ಬಾಕಿ ಎಂದು ತೋರಿಸಿದರೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ, ಅಲ್ಲಿ ಉತ್ತರ ಸಿಗದಿದ್ದರೆ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರಿಗೆ ಅರ್ಜಿ ಸಂಖ್ಯೆ, ಕಾರ್ಯಾದೇಶದ ದಿನಾಂಕ ನಮೂದಿಸಿ ಪತ್ರ ಬರೆಯಿರಿ. ಸಾಮಾನ್ಯ ಮಾಹಿತಿಗೆ ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಆದರೆ ನಿಮ್ಮ ಬಿಲ್ ಯಾವ ಮೇಜಿನ ಮೇಲಿದೆ ಎಂಬುದು ಅವರಿಗೆ ತಿಳಿಯುವುದಿಲ್ಲ.

ಅದಕ್ಕೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಯಿದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ‘ನನಗೇಕೆ ಹಣ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕಬಹುದು. ಬದಲಿಗೆ ‘ಈ ಸಾಲಿನಲ್ಲಿ ನನ್ನ ಹೋಬಳಿಯ ಫಲಾನುಭವಿಗಳ ಜ್ಯೇಷ್ಠತಾ ಪಟ್ಟಿ ಮತ್ತು ಈ ಸಂಖ್ಯೆಯ ಅರ್ಜಿಯ ಮೇಲೆ ಇದುವರೆಗೆ ಕೈಗೊಂಡ ಕ್ರಮದ ದಾಖಲೆಯ ಪ್ರತಿ ಕೊಡಿ’ ಎಂದು ಬರೆಯಿರಿ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ಹಲವು ಕಡತಗಳು ಈ ಅರ್ಜಿ ತಲುಪಿದ ಮೇಲೆಯೇ ಅಲುಗಾಡುತ್ತವೆ.

ಹಣ ಬಂದ ಮೇಲೂ ಕಡತವನ್ನು ಬಿಸಾಡಬೇಡಿ. ಲೆಕ್ಕಪರಿಶೋಧನೆ ಅಥವಾ ಮೂರನೇ ವ್ಯಕ್ತಿಯ ತಪಾಸಣೆಗೆ ಅಧಿಕಾರಿಗಳು ವರ್ಷಗಳ ನಂತರವೂ ಬರುತ್ತಾರೆ, ಆಗ ಪಂಪ್‌ಸೆಟ್ ಮತ್ತು ಪೈಪುಗಳು ಮಂಜೂರಾದ ಅದೇ ಸರ್ವೆ ಸಂಖ್ಯೆಯಲ್ಲಿ ಇರಬೇಕು. ಮರ ನೆಟ್ಟವರು ಪ್ರತಿ ವರ್ಷ ಎಣಿಕೆಗೆ ಮುಂಚೆ ಸಸಿಗಳ ಸುತ್ತ ಕಳೆ ತೆಗೆದು, ಸಾಲಿನ ಕೊನೆಗಳಿಗೆ ಗೂಟ ನೆಟ್ಟಿರಲಿ. ಪೊದೆಯೊಳಗೆ ಮರೆಯಾದ ಸಸಿಯನ್ನು ಎಣಿಸುವವರು ಸತ್ತದ್ದೆಂದೇ ಬರೆದುಕೊಳ್ಳುತ್ತಾರೆ.